ವಾರಕ್ಕೆ ಮೂರೇ ಗಂಟೆ ಈಜು: ನಾನು ಹಂಚಿಕೊಂಡ ಬಗೆ

ನಾನು ಈಜು ಕಲಿತಿದ್ದು ಬಾವಿಯಲ್ಲಿ. ಅಪ್ಪ ಬೆನ್ನಿಗೆ ಬೆಂಡು ಕಟ್ಟಿ ತೋಟದ ಬಾವಿಗೆ ಇಳಿಸಿದ್ದರು. ಎಂಟೇ ದಿನದಲ್ಲಿ ಬೆಂಡು ಬಿಚ್ಚಿಯೂ ಈಜು ಹೊಡೆಯುತ್ತಿದ್ದೆ. ಆಮೇಲೆ ಓದು, ಕೆಲಸ, ಮದುವೆ ಅಂತ ನೀರೇ ಮುಟ್ಟಲಿಲ್ಲ. 41ನೇ ವಯಸ್ಸಿಗೆ ಬೆಂಗಳೂರಿನಲ್ಲಿ ಮನೆ ಹತ್ತಿರದ 25 ಮೀಟರ್ ಪೂಲ್‌ಗೆ ಸೇರಿದೆ. ಬೆಳಗ್ಗೆ ಆರರ ಬ್ಯಾಚ್, ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ. ಮಗಳನ್ನು ಶಾಲೆಗೆ ಬಿಟ್ಟು ಆಫೀಸಿಗೆ ಹೋಗಬೇಕು, ಹಾಗಾಗಿ ಇದಕ್ಕಿಂತ ಜಾಸ್ತಿ ಸಮಯ ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ.

ಮೊದಲ ವರ್ಷ ನನಗಿದ್ದ ಲೆಕ್ಕ ಒಂದೇ, ಎಷ್ಟು ಲ್ಯಾಪ್ ಆಯ್ತು ಅನ್ನೋದು. 20 ಇದ್ದದ್ದು 40 ಆಯ್ತು, 60 ಆಯ್ತು. ಅಂದರೆ 1,500 ಮೀಟರ್. ಮೊದಮೊದಲು ಸಮಯವೂ ಇಳಿಯುತ್ತಿತ್ತು. ಆಮೇಲೆ 39 ನಿಮಿಷಕ್ಕೆ ಬಂದು ನಿಂತಿತು. ಐದು ತಿಂಗಳು ಅಲ್ಲಾಡಲಿಲ್ಲ. ಬಲ ಸಾಲದೇನೋ ಅಂದುಕೊಂಡು ಕೈಗೆ ಪ್ಯಾಡಲ್ (ನೀರನ್ನು ಜೋರಾಗಿ ತಳ್ಳಲು ಅಂಗೈಗೆ ಹಾಕುವ ಪ್ಲಾಸ್ಟಿಕ್ ಹಲಗೆ) ಹಾಕಿಕೊಂಡೆ, ಬಲ ಭುಜ ಹಿಡಿದುಕೊಂಡಿತು. ಜಡೆ ಹಾಕಿಕೊಳ್ಳಲು ಕೈ ಮೇಲೆತ್ತಿದರೆ ಚುಳ್ ಅನ್ನುತ್ತಿತ್ತು. ಆರು ವಾರ ಪೂಲ್ ಕಡೆ ಹೋಗಲಿಲ್ಲ. ಮನೆಯಲ್ಲಿ ಕೂತು ಲೆಕ್ಕ ಹಾಕಿದೆ: ಲ್ಯಾಪಿಗೆ 26 ಸಲ ಕೈ ಬೀಸುತ್ತಿದ್ದೆ, 60 ಲ್ಯಾಪಿಗೆ 1,560 ಸಲ. ಬೀಸುವ ರೀತಿ ತಪ್ಪಿದ್ದರೆ ಒಂದೇ ಬೆಳಗ್ಗೆ ಅಷ್ಟು ಸಲ ಅದೇ ತಪ್ಪನ್ನು ಭುಜದ ಮೇಲೆ ಹೇರಿದ ಹಾಗೆ.

ಗುಣವಾದ ಮೇಲೆ ದಿಕ್ಕು ಬದಲಿಸಿದೆ. ಟೆರ್ರಿ ಲಾಫ್ಲಿನ್ ಅನ್ನೋ ಅಮೆರಿಕದ ಕೋಚ್ 'ಟೋಟಲ್ ಇಮ್ಮರ್ಶನ್' ಅಂತ ಒಂದು ಪದ್ಧತಿ ಮಾಡಿದ್ದರು, ದೊಡ್ಡವರಾದ ಮೇಲೆ ಕಲಿಯುವವರಿಗೆ ತುಂಬಾ ಒಗ್ಗುವಂಥದ್ದು. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ, ಆದ್ದರಿಂದ ಜೋರಾಗಿ ಎಳೆಯೋದಕ್ಕಿಂತ ಮೊದಲು ನೀರು ತಡೆಯದ ಹಾಗೆ ಮೈ ಇಟ್ಟುಕೊಳ್ಳೋದನ್ನು ಕಲಿಯಬೇಕು ಅನ್ನೋದು ಅವರ ವಾದ. ಬ್ಯಾಚಿನ ಗೆಳತಿಯೊಬ್ಬಳು ಅಂಚಿನಲ್ಲಿ ನಿಂತು ಫೋನಿನಲ್ಲಿ ವಿಡಿಯೊ ಮಾಡಿಕೊಟ್ಟಳು. ನೋಡಿದರೆ, ಬಾವಿಯಲ್ಲಿ ಕಲಿತಂತೆಯೇ ತಲೆ ಮೇಲೆತ್ತಿದ್ದೆ. ತಲೆ ಎದ್ದರೆ ಸೊಂಟ ಇಳಿಯುತ್ತೆ, ಕಾಲು ನೆಲದ ಕಡೆ ಜೋತುಬೀಳುತ್ತೆ. ಜೊತೆಗೆ ಉಸಿರು ತೆಗೆದುಕೊಳ್ಳುವಾಗಲೆಲ್ಲ ಬಲಗೈ ಮೂಗಿನ ಮುಂದೆ ದಾಟಿ ಎಡಕ್ಕೆ ಹೋಗುತ್ತಿತ್ತು. ಭುಜದ ನೋವಿನ ಮೂಲ ನನಗೆ ಅಲ್ಲಿ ಕಾಣಿಸಿತು. ಮೂರು ತಿಂಗಳು ಬರೀ ತಿದ್ದಿಕೊಂಡೆ. ನೋಟ ಕೆಳಗಿನ ಟೈಲ್ಸ್ ಮೇಲೆ, ಉಸಿರು ನೀರಿನೊಳಗೇ ಬಿಡೋದು, ಕೈ ಭುಜದ ನೇರಕ್ಕೇ ಇಳಿಸೋದು. ಲ್ಯಾಪಿಗೆ 26 ಸಲ ಕೈ ಬೀಸುತ್ತಿದ್ದದ್ದು 21 ಆಯ್ತು. ಮೈ ಹಗುರಾಯ್ತು, ನೋವು ಹೋಯ್ತು. ಆದರೆ 1,500 ಮೀಟರಿಗೆ ಇನ್ನೂ 38 ನಿಮಿಷ. ನಿಧಾನಕ್ಕೆ ಚೆನ್ನಾಗಿ ಈಜೋದು ಬಂದಿತ್ತು ಅಷ್ಟೆ, ಸ್ವಲ್ಪ ವೇಗ ಹಾಕಿದರೆ ಹಳೇ ರೀತಿಯೇ ವಾಪಸ್ ಬರುತ್ತಿತ್ತು.

ಆಗ ಗಡಿಯಾರದ ಕಡೆ ತಿರುಗಿದೆ. ಸಿಎಸ್ಎಸ್, ಅಂದರೆ ಕ್ರಿಟಿಕಲ್ ಸ್ವಿಮ್ ಸ್ಪೀಡ್. ಸುಲಭ ಇದೆ. ಚೆನ್ನಾಗಿ ವಾರ್ಮ್ಅಪ್ ಮಾಡಿ 400 ಮೀಟರ್ ಪೂರ್ತಿ ಶಕ್ತಿ ಹಾಕಿ ಈಜಿ, ಸಮಯ ಬರೆದುಕೊಳ್ಳಿ. ಸುಧಾರಿಸಿಕೊಂಡು 200 ಮೀಟರ್. ದೊಡ್ಡದರಲ್ಲಿ ಚಿಕ್ಕದನ್ನು ಕಳೆದು ಎರಡರಿಂದ ಭಾಗಿಸಿ. ನನ್ನದು 9 ನಿಮಿಷ 20 ಸೆಕೆಂಡ್ ಮತ್ತು 4 ನಿಮಿಷ 26 ಸೆಕೆಂಡ್. ವ್ಯತ್ಯಾಸ 294 ಸೆಕೆಂಡ್, ಅರ್ಧ ಮಾಡಿದರೆ 147. ಅಂದರೆ ತುಂಬ ಹೊತ್ತು ಹಿಡಿದುಕೊಳ್ಳಬಹುದಾದ ನನ್ನ ವೇಗ 100 ಮೀಟರಿಗೆ 2 ನಿಮಿಷ 27 ಸೆಕೆಂಡ್. ಈ ಒಂದು ಅಂಕಿ ಕೈಗೆ ಬಂದ ಮೇಲೆ ನನ್ನ ಅಭ್ಯಾಸವೇ ಬೇರೆ ಆಯ್ತು. ಹತ್ತು ಸಲ 100 ಮೀಟರ್, ಪ್ರತಿ ಸಲವೂ 2:27ಕ್ಕೆ, ನಡುವೆ 20 ಸೆಕೆಂಡ್ ಮಾತ್ರ ವಿರಾಮ. ಮೊದಲ ಮೂರು ತೀರಾ ಸುಲಭ ಅನ್ನಿಸುತ್ತೆ, ಆಗ ವೇಗ ಹೆಚ್ಚಿಸಬಾರದು. ಏಳನೆಯದರಲ್ಲಿ ಗೊತ್ತಾಗುತ್ತೆ.

ಇದರ ಜೊತೆಗೆ ಪ್ರೊಫೆಸರ್ ಬ್ರೆಂಟ್ ರಶಾಲ್ ಅವರ ಯುಎಸ್ಆರ್‌ಪಿಟಿಯನ್ನೂ ಮಾಡಿ ನೋಡಿದೆ. ಅಂದರೆ ಅಲ್ಟ್ರಾ-ಶಾರ್ಟ್ ರೇಸ್-ಪೇಸ್ ಟ್ರೇನಿಂಗ್. ಟೋಕಿಯೊ ಒಲಿಂಪಿಕ್ಸ್ ಮೆಡ್ಲೆ ರಿಲೇಯಲ್ಲಿ (ನಾಲ್ವರು ನಾಲ್ಕು ಬಗೆಯ ಈಜು ಈಜುವ ಸ್ಪರ್ಧೆ) ಚಿನ್ನ ಗೆದ್ದ ಅಮೆರಿಕ ತಂಡದಲ್ಲಿದ್ದ ಮೈಕೆಲ್ ಆಂಡ್ರ್ಯೂ ಬೆಳೆದಿದ್ದು ಈ ಪದ್ಧತಿಯಲ್ಲೇ. ಸ್ಪರ್ಧೆಯಲ್ಲಿ ಬೇಕಾದ ವೇಗದಲ್ಲೇ ಚಿಕ್ಕ ಚಿಕ್ಕ ತುಂಡುಗಳನ್ನು ಈಜೋದು. ನನ್ನ ಗುರಿ 100 ಮೀಟರಿಗೆ 2 ನಿಮಿಷ, ಅಂದರೆ 25ಕ್ಕೆ 30 ಸೆಕೆಂಡ್, ನಡುವೆ 20 ಸೆಕೆಂಡ್ ವಿರಾಮ. ಒಮ್ಮೆ ಸಮಯ ತಪ್ಪಿದರೆ ಒಂದು ಸುತ್ತು ಬಿಟ್ಟು ಮತ್ತೆ ಶುರು. ಸತತ ಎರಡು ಸಲ ಅಥವಾ ಒಟ್ಟು ಮೂರು ಸಲ ತಪ್ಪಿದರೆ ಅವತ್ತಿಗೆ ಆ ಸೆಟ್ ಮುಗೀತು. ಮೊದಲ ದಿನ ಏಳನೆಯದು ತಪ್ಪಿತು, ಎಂಟನೆಯದನ್ನು ಬಿಟ್ಟೆ; ಹನ್ನೊಂದು ತಪ್ಪಿತು, ಹನ್ನೆರಡು ಬಿಟ್ಟೆ, ಹದಿಮೂರೂ ತಪ್ಪಿತು, ನಿಲ್ಲಿಸಿದೆ. ಸರಿಯಾಗಿ ಬಂದದ್ದು ಎಂಟು. ಸುಸ್ತಾದ ಕೈಯಲ್ಲಿ ಕೆಟ್ಟ ಈಜು ಅಭ್ಯಾಸವಾಗೋದನ್ನು ಈ ನಿಯಮ ತಡೆಯುತ್ತೆ, ನನ್ನಂಥ ಭುಜದವರಿಗೆ ಅದು ದೊಡ್ಡ ವಿಷಯ ಅಲ್ವಾ?

ಈಗ ಸೋಮವಾರ ತಿದ್ದುವ ದಿನ. ಬುಧವಾರ 100ರ ಸೆಟ್. ಶನಿವಾರ 25ರ ಸೆಟ್. ಎಲ್ಲ ದಿನವೂ ಮೊದಲು 300 ಮೀಟರ್ ನಿಧಾನ ಈಜು. ನೀವೂ ಮಾಡೋದಾದರೆ ದೂರಕ್ಕಿಂತ ಮೊದಲು ವಿರಾಮವನ್ನು ಬರೆದಿಟ್ಟುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ. 20 ಸೆಕೆಂಡ್ ಅಂದದ್ದು ಗೋಡೆ ಹಿಡಿದು ಪಕ್ಕದವರ ಜೊತೆ ಮಾತಾಡುತ್ತಾ 50 ಆಗಿಬಿಟ್ಟರೆ ಅದು ಬೇರೆಯದೇ ಸೆಟ್. ಲೇನ್ ತುಂಬಿದ್ದರೆ ಹಿಂದಿನವರನ್ನು ಮುಂದೆ ಬಿಟ್ಟು ಐದು ಸೆಕೆಂಡ್ ತಡವಾಗಿ ಹೊರಡಿ, ಯಾರಿಗೂ ತೊಂದರೆಯಾಗಲ್ಲ.

ಆರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿದೆ. 400ಕ್ಕೆ 8:36, 200ಕ್ಕೆ 4:08, ಅಂದರೆ 100ಕ್ಕೆ 2:14. ಒಟ್ಟು ಈಜುವ ದೂರ ಮೊದಲಿಗಿಂತ ಕಮ್ಮಿ, 1,500 ಮೀಟರ್ ಈಗ ಮೂವತ್ತೈದು ನಿಮಿಷದೊಳಗೆ ಮುಗಿಯುತ್ತೆ. ಮಗಳ ಪರೀಕ್ಷೆ ಇರುವ ವಾರ ನನಗೆ ಸಿಗೋದು ಎರಡೇ ದಿನ. ಆಗ ಶನಿವಾರದ್ದನ್ನು ಬಿಡುತ್ತೇನೆ. ಸೋಮವಾರದ್ದನ್ನು ಮಾತ್ರ ಇಲ್ಲಿಯವರೆಗೂ ಬಿಟ್ಟಿಲ್ಲ.