ಕೆಟ್ಟ ಸುದ್ದಿ ನನ್ನವರೆಗೆ ಬರುವಂತೆ ಮಾಡಿದ್ದು: ಒಂದು ಅಕ್ಕಿ ಗಿರಣಿಯ ಅನುಭವ

ದಾವಣಗೆರೆಯ ಹೊರವಲಯದಲ್ಲಿರುವ ನಮ್ಮ ಅಕ್ಕಿ ಗಿರಣಿಯ ಹೊಣೆಯನ್ನು ತಂದೆಯವರಿಂದ ವಹಿಸಿಕೊಂಡಾಗ ಅಲ್ಲಿ 34 ಜನ ದುಡಿಯುತ್ತಿದ್ದರು. ಭದ್ರಾ ನಾಲೆಯ ಭತ್ತ ಕೊಯ್ಲಿಗೆ ಬಂದಿತೆಂದರೆ ಎರಡೂ ಪಾಳಿ ನಡೆಯಲೇಬೇಕು. ಆ ಒತ್ತಡದಲ್ಲಿ ಮಾಲೀಕ ದನಿ ಏರಿಸದಿದ್ದರೆ ಕೆಲಸ ಸಾಗದೆಂದು ನಾನೂ ನಂಬಿದ್ದೆ. ಆ ನಂಬಿಕೆ ಒಂದೇ ರಾತ್ರಿಯಲ್ಲಿ ಅಲುಗಾಡಿತು.

ಭತ್ತದ ಹೊಟ್ಟು ಬಿಡಿಸುವ ಯಂತ್ರದಲ್ಲಿ ಎರಡು ರಬ್ಬರ್ ರೋಲ್‌ಗಳು ಬೇರೆ ಬೇರೆ ವೇಗದಲ್ಲಿ ಎದುರುಬದುರಾಗಿ ತಿರುಗುತ್ತವೆ. ರಬ್ಬರ್ ಸವೆದಂತೆಲ್ಲ ನಡುವಿನ ಸಂದನ್ನು ಹೊಂದಿಸುತ್ತಿರಬೇಕು; ಅತಿಯಾಗಿ ಬಿಗಿ ಮಾಡಿದರೆ ಕಾಳು ಮುರಿದು ನುಚ್ಚು ಹೆಚ್ಚುತ್ತದೆ. ಅಂದು ರಾತ್ರಿ ಪಾಳಿಯ ಆಪರೇಟರ್ ರೋಲ್‌ಗಳನ್ನು ಹಾಗೆ ಬಿಗಿ ಮಾಡಿದ್ದ, ನುಚ್ಚು ಏರುತ್ತಿರುವುದನ್ನು ಹನ್ನೊಂದು ಗಂಟೆಗೇ ಕಂಡಿದ್ದ, ಆದರೂ ಬೆಳಗಾಗುವವರೆಗೆ ಯಾರಿಗೂ ಹೇಳಿರಲಿಲ್ಲ. ನಾನು ಅಂಗೈಯಲ್ಲಿ ಅಕ್ಕಿ ಹರಡಿ ನೋಡಿದಾಗ ಹೆಚ್ಚುಕಡಿಮೆ ಮೂರರಲ್ಲೊಂದು ಕಾಳು ತುಂಡಾಗಿತ್ತು. ಏಕೆ ತಿಳಿಸಲಿಲ್ಲವೆಂದು ಕೇಳಿದ್ದಕ್ಕೆ ಅವನು ನೆಲ ನೋಡುತ್ತ, “ಹೇಳಿದ್ರೆ ಬೈತೀರಿ, ಪಗಾರದಾಗ ಹಿಡೀತೀರಿ ಅಂತ ಸುಮ್ನಿದ್ದೆ ಸಾವ್ಕಾರ್ರೆ” ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹಿಂದಿನ ತಿಂಗಳಷ್ಟೇ ಕಾಳನ್ನು ಮೇಲಕ್ಕೆ ಸಾಗಿಸುವ ಎಲಿವೇಟರ್‌ನ ಬೆಲ್ಟ್ ಹರಿದದ್ದಕ್ಕೆ ಇನ್ನೊಬ್ಬನ ಕೂಲಿಯಲ್ಲಿ ನಾನು ಹಣ ಹಿಡಿದಿದ್ದೆ. ಆ ರಾತ್ರಿಯ ನುಚ್ಚಿಗೆ ಅವನ ಕೈಗಿಂತ ನನ್ನ ಬಾಯಿಯೇ ಹೆಚ್ಚು ಕಾರಣವೆಂದು ಇಂದಿಗೂ ತಿಳಿದಿದ್ದೇನೆ.

ಹಣ ಹಿಡಿಯುವುದನ್ನು ಅಂದೇ ನಿಲ್ಲಿಸಿದೆ. ಆದರೆ ವರ್ಷಗಟ್ಟಲೆ ಕೂತ ಹೆದರಿಕೆ ಒಂದು ಮಾತಿಗೆ ಎದ್ದು ಹೋಗುವುದಿಲ್ಲ. ಪಾಳಿ ಬದಲಾಗುವ ಹೊತ್ತಿಗೆ ಎರಡೂ ಪಾಳಿಯವರ ಜೊತೆ ಯಂತ್ರದ ಬಳಿಯೇ ಹತ್ತು ನಿಮಿಷ ನಿಂತು, ಏನೇನು ಕೆಟ್ಟಿತು ಎಂದು ದಿನವೂ ಕೇಳತೊಡಗಿದೆ. ಮೂರು ವಾರ ಒಂದೇ ಉತ್ತರ: “ಏನಿಲ್ರಿ, ಎಲ್ಲಾ ಸರಿ ಐತಿ.” ನಾಲ್ಕನೆಯ ವಾರ ನನ್ನದೇ ತಪ್ಪನ್ನು ಅವರ ಮುಂದಿಟ್ಟೆ. ಪರಿಚಯದವರ ಮಾಲೆಂದು ತೇವ ಅಳೆಯುವ ಮೀಟರ್ ಹಿಡಿಯದೆ ನಾನು ಕೊಂಡಿದ್ದ ಭತ್ತದಲ್ಲಿ ಶೇ. 17ರಷ್ಟು ತೇವಾಂಶವಿತ್ತು, ಗಿರಣಿಗೆ ಹಾಕಲು ಅದು ಶೇ. 14ರ ಆಸುಪಾಸಿಗೆ ಇಳಿಯಬೇಕಾದ್ದರಿಂದ ಡ್ರೈಯರ್ ನಡೆಸುವವರು ಎರಡು ರಾತ್ರಿ ನಿದ್ದೆಗೆಟ್ಟಿದ್ದರು. ಅವರ ಕ್ಷಮೆ ಕೇಳಿದೆ. ಮರುದಿನ ಫಿಟ್ಟರ್ ತಾನಾಗಿಯೇ ಬಾಯಿಬಿಟ್ಟು, ಅಕ್ಕಿಗೆ ಪಾಲಿಷ್ ಕೊಡುವ ಯಂತ್ರದ ಬೆಲ್ಟಿಗೆ ಕೈ ಸಿಗದಂತೆ ಮುಚ್ಚುವ ಗಾರ್ಡ್ ಬಿಚ್ಚಿಟ್ಟು ಹದಿನೈದು ದಿನವಾಯಿತೆಂದ. ಸಿಟ್ಟು ಗಂಟಲಿಗೆ ಬಂದಿತ್ತು. ಅದನ್ನು ನುಂಗಿಕೊಂಡು, “ಹೇಳಿದ್ದು ಒಳ್ಳೇದಾತು” ಎಂದಷ್ಟೇ ಹೇಳಿ, ಯಂತ್ರ ನಿಲ್ಲಿಸಿ, ಗಾರ್ಡ್ ಕೂರಿಸಿದ ಮೇಲೆಯೇ ಮತ್ತೆ ಚಾಲೂ ಮಾಡಿಸಿದೆ. ಸುತ್ತ ನಿಂತವರ ಕಣ್ಣೆಲ್ಲ ಆಗ ನನ್ನ ಮುಖದ ಮೇಲಿತ್ತು.

ಇದಕ್ಕಿಂತ ಕಠಿಣವಾದದ್ದು ನಮ್ಮ ಹಿರಿಯ ಮೇಸ್ತ್ರಿಯ ವಿಷಯ. ಕೆಲಸದಲ್ಲಿ ಅವನಿಗೆ ಸಮನಿಲ್ಲ. ಆದರೆ ಹೊಸ ಹುಡುಗರನ್ನು ತಾಯಿ ಹೆಸರೆತ್ತಿ ಬೈಯುತ್ತಿದ್ದ. ಎರಡು ಸಲ ಒಬ್ಬನನ್ನೇ ಕೂರಿಸಿಕೊಂಡು ಹೇಳಿದೆ. ಮೂರನೆಯ ಸಲ, ಸುಗ್ಗಿಯ ನಟ್ಟನಡುವೆ, ಪಾಳಿಯ ಉಸ್ತುವಾರಿಯಿಂದ ತೆಗೆದೆ. ಮುನಿಸಿಕೊಂಡು ಅವನು ಕೆಲಸ ಬಿಟ್ಟ, ಎರಡು ವಾರ ಹೊಟ್ಟು ಬಿಡಿಸುವ ಕೆಲಸ ಹಿಂದೆ ಬಿತ್ತು, ತಂದೆಯವರೂ ನೊಂದುಕೊಂಡರು. ಅವನನ್ನು ಹಾಗೆಯೇ ಉಳಿಸಿಕೊಂಡಿದ್ದರೆ ಬೆಳಗಿನ ಹತ್ತು ನಿಮಿಷದಲ್ಲಿ ನಾನಾಡುತ್ತಿದ್ದ ಮಾತಿಗೆ ಬೆಲೆ ಇರುತ್ತಿರಲಿಲ್ಲ.

ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅದನ್ನು ಲೆಕ್ಕವಿಟ್ಟು ಕೊಡತೊಡಗಿದೆ. ಹತ್ತು ಅಥವಾ ಹೆಚ್ಚು ಜನರಿದ್ದ ಕಡೆ, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ, ಮಹಿಳೆಯರ ದೂರು ಕೇಳುವ ಆಂತರಿಕ ಸಮಿತಿ ಇರಬೇಕು, ಅದನ್ನೂ ರಚಿಸಿದೆ. ಆದರೆ ನಮ್ಮಲ್ಲಿ ಅಕ್ಕಿ ಹಸನು ಮಾಡುವ ಹೆಂಗಸರು ಮೊದಲು ಹೇಳಿಕೊಂಡದ್ದು ಹಮಾಲರು ಕೂರುವ ಜಾಗಕ್ಕೆ ಎದುರಾಗಿದ್ದ ಶೌಚಾಲಯದ ಬಾಗಿಲನ್ನು ಕುರಿತು. ಬಾಗಿಲನ್ನು ಹಿಂಬದಿಗೆ ತಿರುಗಿಸಲು ಗೌಂಡಿಗೆ ಎರಡು ದಿನ ಸಾಕಾಯಿತು.

ಕಳೆದ ಸುಗ್ಗಿಯಲ್ಲಿ ರಾತ್ರಿ ಒಂದೂವರೆಗೆ ಫೋನ್ ಬಂತು. ಅದೇ ಆಪರೇಟರ್: “ನುಚ್ಚು ಜಾಸ್ತಿ ಬರಾಕತ್ತೈತ್ರಿ, ಮಿಲ್ ನಿಲ್ಸೀನಿ.” ರೋಲ್ ಬದಲಿಸುವಂತೆ ಹೇಳಿ, ಲೋಡ್ ಅರ್ಧ ದಿನ ತಡವಾಗುತ್ತದೆಂದು ಬೆಳಗ್ಗೆ ವ್ಯಾಪಾರಿಗೆ ನಾನೇ ತಿಳಿಸಿದೆ.