ಮಳೆಗಾಲಕ್ಕೆ ಮುಂಚೆ ಊರ ಕೆರೆಯ ಏರಿ ಪರೀಕ್ಷೆ: ಎಲ್ಲಿ ನೋಡಬೇಕು, ಏನು ಬರೆದುಕೊಳ್ಳಬೇಕು?

ಕೆರೆ ತುಂಬಿ ಕೋಡಿ ಬಿದ್ದರೆ ಊರಿಗೆ ಊರೇ ಸಂಭ್ರಮ ಪಡುತ್ತದೆ. ಬಾಗಿನ ಬಿಡುತ್ತೇವೆ, ಫೋಟೋ ತೆಗೆಯುತ್ತೇವೆ. ಆದರೆ ಏರಿಯ (ಕೆರೆಗೆ ಕಟ್ಟಿದ ಮಣ್ಣಿನ ಒಡ್ಡು) ಆಚೆ ಮಗ್ಗುಲಿಗೆ, ಗದ್ದೆಯ ಕಡೆಗೆ, ಇಳಿದು ನೋಡುವವರು ಕಡಿಮೆ. ಏರಿ ಗಟ್ಟಿಯಿದೆಯೋ ಇಲ್ಲವೋ ಗೊತ್ತಾಗುವುದು ಅಲ್ಲೇ.

ಹಿಂದೆ ಈ ಕೆಲಸಕ್ಕೆ ನೀರುಗಂಟಿ ಇದ್ದ. ದಿನಾ ಏರಿ ಮೇಲೆ ಓಡಾಡುತ್ತಿದ್ದ. ಈಗ ಹೆಚ್ಚಿನ ಊರುಗಳಲ್ಲಿ ಅವನಿಲ್ಲ. ಕಾನೂನಿನ ಕಣ್ಣೂ ಇಲ್ಲಿಗೆ ಅಷ್ಟಾಗಿ ಬೀಳುವುದಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳಿಗೆ ಅನ್ವಯಿಸುತ್ತದೆ. 10ರಿಂದ 15 ಮೀಟರ್ ಎತ್ತರದವು ಕೆಲವು ಷರತ್ತುಗಳಿಗೆ ಒಳಪಟ್ಟರೆ ಮಾತ್ರ ಸೇರುತ್ತವೆ. ಅಂಥ ಅಣೆಕಟ್ಟುಗಳನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ಪರೀಕ್ಷಿಸಲೇಬೇಕು. ನಮ್ಮ ಬಹುಪಾಲು ಕೆರೆ ಏರಿಗಳು ಆ ಎತ್ತರಕ್ಕೆ ಬರುವುದೇ ಇಲ್ಲ. ಹಾಗಂತ ಅಪಾಯ ಚಿಕ್ಕದಲ್ಲ. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯಲ್ಲಿ ತಿವರೆ ಎಂಬ ಸರ್ಕಾರಿ ಅಣೆಕಟ್ಟು ಒಡೆದು ಸುಮಾರು 20 ಜನ ಸತ್ತರು. ನೀರು ಸೋರುತ್ತಿದೆ ಎಂದು ಊರಿನವರು ಮೊದಲೇ ಹೇಳಿದ್ದರು.

ಹಾಗಾಗಿ ನಾವೇ ನೋಡೋಣ. ಏಪ್ರಿಲ್–ಮೇ ತಿಂಗಳಲ್ಲಿ ಒಮ್ಮೆ, ಕೆರೆ ತುಂಬಿದಾಗ ಇನ್ನೊಮ್ಮೆ. ಬೆಳಗಿನ ಹೊತ್ತು ಒಳ್ಳೆಯದು, ಒದ್ದೆ ಜಾಗ ಎದ್ದು ಕಾಣುತ್ತದೆ. ಒಬ್ಬರೇ ಹೋಗಬೇಡಿ. ಒಂದು ಕೋಲು, ಅಳತೆ ಟೇಪು, ನೋಟ್‌ಬುಕ್, ಒಂದು ಲೀಟರಿನ ಖಾಲಿ ಬಾಟಲಿ ಸಾಕು. ನೀರಿಗೆ ಮಾತ್ರ ಇಳಿಯಬೇಡಿ.

ಮೊದಲು ಕೋಡಿಗೆ ಹೋಗಿ

ಮಣ್ಣಿನ ಏರಿಯ ಮೇಲೆ ನೀರು ಹತ್ತಿ ಹರಿಯಲೇಬಾರದು. ಹರಿದರೆ ಹೊರಗಿನ ಇಳಿಜಾರು ಕೊಚ್ಚಿಹೋಗಿ, ನೋಡನೋಡುತ್ತಲೇ ಏರಿ ಕಿತ್ತುಕೊಂಡು ಹೋಗುತ್ತದೆ. ಹಾಗಾಗದಂತೆ ಕಾಯುವುದು ಕೋಡಿ, ಅಂದರೆ ಹೆಚ್ಚಾದ ನೀರು ಹೊರಹೋಗಲು ಬಿಟ್ಟ ದಾರಿ. ಅದರ ಬಾಯಲ್ಲಿ ಜಾಲಿ ಬೆಳೆದಿದೆಯಾ? ಹೂಳು ಕೂತಿದೆಯಾ? ಮೀನು ತಪ್ಪಿಸಿಕೊಳ್ಳಬಾರದು ಅಂತ ಬಲೆ ಕಟ್ಟಿದ್ದಾರಾ? ಆ ಬಲೆಗೆ ಕಸ ಸಿಕ್ಕಿಕೊಂಡರೆ ಅದೇ ಒಂದು ಗೋಡೆ. ಇನ್ನು ಕೆಲವು ಕಡೆ ಇನ್ನೊಂದು ಬೆಳೆಗೆ ನೀರು ಸಿಗಲಿ ಅಂತ ಕೋಡಿಯ ಮೇಲೆ ಮರಳು ಚೀಲ ಪೇರಿಸುತ್ತಾರೆ. ರೈತರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಕೋಡಿ ಒಂದಡಿ ಏರಿದರೆ ಏರಿಯ ರಕ್ಷಣೆ ಒಂದಡಿ ಇಳಿಯಿತು ಎಂದೇ ಲೆಕ್ಕ. ಕೋಡಿಯಿಂದ ಕೆಳಗಿನ ಹಳ್ಳವನ್ನೂ ನೂರಿನ್ನೂರು ಹೆಜ್ಜೆ ನಡೆದು ನೋಡಿ. ಅಲ್ಲಿ ಒತ್ತುವರಿ ಆಗಿದ್ದರೆ ಬರೆದುಕೊಳ್ಳಿ.

ಏರಿಯ ಮೇಲೆ

ಈಗ ಏರಿ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯಿರಿ. ಟ್ರ್ಯಾಕ್ಟರು, ದನ ಓಡಾಡಿ ತಗ್ಗಾದ ಜಾಗ ಇದ್ದೇ ಇರುತ್ತದೆ. ಎಷ್ಟು ತಗ್ಗು ಅಂತ ತಿಳಿಯಲು ಯಂತ್ರವೇನೂ ಬೇಡ. ಗಾಳಿಯಿಲ್ಲದ ಬೆಳಿಗ್ಗೆ ಕೆರೆಯ ನೀರು ಎಲ್ಲ ಕಡೆಯೂ ಒಂದೇ ಮಟ್ಟದಲ್ಲಿರುತ್ತದೆ, ಅಲ್ವಾ? ಕೆರೆ ತುಂಬಿದ ದಿನ ಪ್ರತಿ 50 ಹೆಜ್ಜೆಗೊಮ್ಮೆ ನಿಂತು, ನೀರಿನಿಂದ ಏರಿಯ ತಲೆ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಇಳಿಜಾರಿನ ಉದ್ದ ಬೇಡ, ನೇರ ಎತ್ತರ ಬೇಕು. ಎಲ್ಲಿ ಕಡಿಮೆ ಬಂತೋ, ಉಕ್ಕಿದರೆ ನೀರು ಅಲ್ಲಿಂದಲೇ ದಾಟುತ್ತದೆ.

ಬಿರುಕು ಕಂಡರೆ ಅದು ಉದ್ದಕ್ಕಿದೆಯೋ ಅಡ್ಡಕ್ಕಿದೆಯೋ ನೋಡಿ. ಉದ್ದಕ್ಕಿದ್ದರೆ ಒಂದು ಮಗ್ಗುಲು ಜಾರುತ್ತಿರಬಹುದು. ಅಡ್ಡಕ್ಕಿದ್ದರೆ ನೀರಿಗೆ ಅದೇ ದಾರಿಯಾಗಬಹುದು. ಯಾರಾದರೂ ಪೈಪಿಗೋ ಕೇಬಲ್ಲಿಗೋ ಏರಿ ಅಗೆದಿದ್ದರೆ ಸುಮ್ನೆ ಬಿಡಬೇಡಿ. 2019ರ ನವೆಂಬರ್‌ನಲ್ಲಿ ಬೆಂಗಳೂರಿನ ಹುಳಿಮಾವು ಕೆರೆ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಏರಿ ಅಗೆದದ್ದೇ ಕಾರಣ ಎಂದು ಆಗ ವರದಿಯಾಗಿತ್ತು.

ನೀರಿನ ಕಡೆಯ ಕಲ್ಲು ಹೊದಿಕೆಯಲ್ಲಿ ಕಲ್ಲು ಜಾರಿದ ಜಾಗಗಳನ್ನು ಗುರುತು ಮಾಡಿಕೊಂಡರೆ ಸಾಕು.

ಹೊರಮೈ ಮತ್ತು ಬುಡ

ಇಲ್ಲಿ ಅವಸರ ಬೇಡ. ಬೇಸಿಗೆಯಲ್ಲಿ ಸುತ್ತಲಿನ ಹುಲ್ಲೆಲ್ಲ ಒಣಗಿರುವಾಗ ಒಂದೇ ಕಡೆ ಜೊಂಡು ಹಸಿರಾಗಿದ್ದರೆ, ಅದರ ಕೆಳಗೆ ನೀರಿದೆ. ಕೋಲು ಚುಚ್ಚಿ ನೋಡಿ.

ಮಣ್ಣಿನ ಏರಿ ಸ್ವಲ್ಪ ಜಿನುಗುವುದು ಸಹಜ. ಜಿನುಗಿದ ಕೂಡಲೇ ಹೆದರಬೇಕಿಲ್ಲ. ಆ ನೀರು ತಿಳಿಯಾಗಿದೆಯೋ ಕದಡಿದೆಯೋ ಎಂಬುದು ಮುಖ್ಯ. ಕದಡಿದ ನೀರು ಏರಿಯ ಮಣ್ಣನ್ನೇ ಹೊತ್ತು ತರುತ್ತಿರುತ್ತದೆ. ಹೊರಬಾಯಿಯಲ್ಲಿ ಒಂದೊಂದೇ ಕಣ ಕಳಚುತ್ತಾ ಒಳಗಿನ ಬಿಲ ಕೆರೆಯ ಕಡೆಗೆ ಬೆಳೆಯುತ್ತದೆ. ಬಿಲ ಬೆಳೆದಷ್ಟೂ ನೀರಿನ ದಾರಿ ಗಿಡ್ಡವಾಗುತ್ತದೆ, ರಭಸ ಜಾಸ್ತಿಯಾಗುತ್ತದೆ. ಕೊನೆಗೆ ಬಿಲ ಕೆರೆಯನ್ನು ಮುಟ್ಟಿದರೆ ಏರಿ ಒಳಗಿನಿಂದಲೇ ಕುಸಿಯುತ್ತದೆ. ನಮ್ಮ ಹಿರಿಯರಿಗೆ ಈ ಭಯ ಚೆನ್ನಾಗಿ ಗೊತ್ತಿತ್ತು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರ ಕಾಲದ, 1369ರ ಶಾಸನವೊಂದಿದೆ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ, ಇರಬಾರದ 6 ದೋಷಗಳನ್ನೂ ಅದು ಹೇಳುತ್ತದೆ. ಏರಿಯಿಂದ ನೀರು ಜಿನುಗುವುದು ಆ ಆರರಲ್ಲಿ ಒಂದು.

ಪರೀಕ್ಷೆ ಸುಲಭ. ಜಿನುಗುವ ನೀರಿಗೆ ಎಲೆಯನ್ನೋ ತುಂಡು ಪೈಪನ್ನೋ ಕೊಟ್ಟು ಬಾಟಲಿಗೆ ಬಿಡಿ. ಒಂದು ಲೀಟರ್ ತುಂಬಲು ಎಷ್ಟು ಸೆಕೆಂಡ್ ಹಿಡಿಯಿತು, ಬರೆಯಿರಿ. ಬಾಟಲಿಯನ್ನು ಒಂದು ಗಂಟೆ ಅಲ್ಲಾಡಿಸದೆ ಇಡಿ. ತಳದಲ್ಲಿ ಮಣ್ಣು ಕೂತಿತೇ? ಅವತ್ತು ಕೆರೆಯ ನೀರು ಎಷ್ಟಿತ್ತು ಎಂಬುದನ್ನೂ ತೂಬಿನ (ಗದ್ದೆಗೆ ನೀರು ಬಿಡುವ ಬಾಯಿ) ಕಲ್ಲಿನ ಮೇಲೆ ನೋಡಿ ಬರೆದಿಡಿ. ಕೆರೆ ತುಂಬಿದಂತೆ ಜಿನುಗು ಹೆಚ್ಚುವುದು ಸಹಜ. ಕೆರೆ ಮಟ್ಟ ಅಷ್ಟೇ ಇದ್ದು ಜಿನುಗು ಮಾತ್ರ ಹೆಚ್ಚಿದರೆ, ಒಳಗೆ ಏನೋ ಬದಲಾಗಿದೆ ಎಂದೇ ತಿಳಿಯಿರಿ.

ಇಲಿ, ಹೆಗ್ಗಣ, ಏಡಿಗಳ ಬಿಲಗಳನ್ನೂ ಹುತ್ತಗಳನ್ನೂ ಎಣಿಸಿ. ಪೂಜೆಯ ಹುತ್ತಕ್ಕೆ ಕೈ ಹಾಕಿ ಎನ್ನುತ್ತಿಲ್ಲ, ಎಲ್ಲಿದೆ ಅಂತ ಗುರುತಿರಲಿ. ಗರಿಕೆ ಏರಿಗೆ ಒಳ್ಳೆಯದು, ಮಣ್ಣು ಹಿಡಿಯುತ್ತದೆ. ಬಳ್ಳಾರಿ ಜಾಲಿಯನ್ನು ಎಳೆಯದಾಗಿರುವಾಗಲೇ ಕಿತ್ತುಬಿಡಿ. ಬಲಿತ ಮರವನ್ನು ಮಾತ್ರ ನೀವೇ ಕಡಿಯಬೇಡಿ. ಕಾಂಡ ಕಡಿದು ಬೇರು ಬಿಟ್ಟರೆ, ಕೆಲವು ವರ್ಷಗಳಲ್ಲಿ ಬೇರು ಕೊಳೆತು ಅದರ ಜಾಗದಲ್ಲಿ ಪೊಳ್ಳು ಕೊಳವೆ ಉಳಿಯುತ್ತದೆ.

ತೂಬು

ಕಲ್ಲು ಮತ್ತು ಮಣ್ಣು ಸೇರುವ ಜಾಗ ಯಾವಾಗಲೂ ನಾಜೂಕು. ತೂಬು ಮುಚ್ಚಿದಾಗಲೂ ಕಾಲುವೆಗೆ ನೀರು ಬರುತ್ತಿದ್ದರೆ, ಅದು ತೂಬಿನ ಒಳಗಿನಿಂದಲೋ ಪಕ್ಕದ ಮಣ್ಣಿನಿಂದಲೋ ನೋಡಿ. ಪಕ್ಕದಿಂದ ಬರುತ್ತಿದ್ದರೆ, ತೂಬಿನ ನೇರಕ್ಕೆ ಏರಿಯ ಮೇಲೆ ಗುಂಡಿ ಬಿದ್ದಿದ್ದರೆ ಅಥವಾ ಕೆರೆಯಲ್ಲಿ ಸುಳಿ ಕಂಡರೆ ಅವತ್ತೇ ತಿಳಿಸಿ.

ಯಾರಿಗೆ ಹೇಳಬೇಕು?

40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟು (ಕೆರೆ ನೀರು ಹರಿಯುವ ಜಮೀನು) ಇರುವ ಕೆರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯದು. ಅದಕ್ಕಿಂತ ಚಿಕ್ಕದು ಜಿಲ್ಲಾ ಪಂಚಾಯಿತಿ ಕಡೆಗೆ ಬರುತ್ತದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಒಂದು ಪ್ರತಿ ಕೊಡಿ. ನಮ್ಮೂರಲ್ಲಿ ಬಾಯಲ್ಲಷ್ಟೇ ಹೇಳಿ ಒಂದು ಇಡೀ ಮಳೆಗಾಲ ಕಳೆದುಕೊಂಡೆವು. ಆಮೇಲೆ ಬುದ್ಧಿ ಬಂತು. ಫೋಟೋ, ತಾರೀಖು, ಅಳತೆ, 'ಕೋಡಿಯಿಂದ ಇಷ್ಟು ಹೆಜ್ಜೆ' ಎಂಬ ಗುರುತು, ಇಷ್ಟನ್ನೂ ಬರೆದು ಕೊಟ್ಟೆವು. ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆವು. ಆಗ ಎಂಜಿನಿಯರ್ ಬಂದು ನೋಡಿದರು.

ಕದಡಿದ ನೀರು ಉಕ್ಕತೊಡಗಿದರೆ

ಮೊದಲು 112ಕ್ಕೆ ಫೋನ್ ಮಾಡಿ, ತಹಶೀಲ್ದಾರರಿಗೂ ಇಲಾಖೆಗೂ ಸುದ್ದಿ ಮುಟ್ಟಿಸಿ. ಏರಿ ಕೆಳಗಿನ ಮನೆಗಳನ್ನು ಖಾಲಿ ಮಾಡಿಸಿ. ನೀರು ಬರುವ ಬಾಯಿಗೆ ಜೇಡಿ ಮಣ್ಣು ಮೆತ್ತಿ ಮುಚ್ಚಲು ಹೋಗಬೇಡಿ, ಅದು ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ಎಂಜಿನಿಯರ್‌ಗಳು ಆ ಬಾಯಿಯ ಮೇಲೆ ಮೊದಲು ಮರಳು, ಆಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹಾಕಿಸುತ್ತಾರೆ. ನೀರು ಹೊರಬರುತ್ತದೆ, ಮಣ್ಣು ಒಳಗೇ ನಿಲ್ಲುತ್ತದೆ. ಮರಳು, ಜಲ್ಲಿ, ಖಾಲಿ ಚೀಲ ಮಳೆಗಾಲಕ್ಕೆ ಮುಂಚೆಯೇ ಏರಿ ಹತ್ತಿರ ಇರಲಿ. ನೀರು ಏರಿ ದಾಟತೊಡಗಿದರೆ ಯಾರೂ ಅದರ ಮೇಲೆ ನಿಲ್ಲಬಾರದು. ತಗ್ಗಿನ ಮನೆಗಳವರು ಹೊರಡುವಾಗ ಕೊಟ್ಟಿಗೆಯ ದನಗಳ ಹಗ್ಗ ಬಿಚ್ಚಿಬಿಡಿ.