ತೆಪ್ಪದಿಂದ ಏಡಿ, ಸೀಗಡಿ ಕೂಳಿ ಎತ್ತುವ ಬಗೆ

ಸಂಜೆ ನೀರಿಗೆ ಬಿಟ್ಟ ಕೂಳಿಯನ್ನು (ಏಡಿ, ಸೀಗಡಿ ಹಿಡಿಯುವ ಬಿದಿರ ಬುಟ್ಟಿ) ಬೆಳಿಗ್ಗೆ 7ರೊಳಗೆ ಎತ್ತಿಬಿಡಬೇಕು. ಬಿಸಿಲೇರಿದರೆ ಸೀಗಡಿ ಬೇಗ ಕೆಡುತ್ತದೆ, ಗಾಳಿಯೂ ಏಳುತ್ತದೆ. ತುಮಕೂರು ಕಡೆಯ ಬಯಲು ಕೆರೆಗಳಲ್ಲಿ ಆಷಾಢದ ಗಾಳಿಗೆ ತೆಪ್ಪ ಒಂದೆಡೆ ನಿಲ್ಲುವುದಿಲ್ಲ, ಒಬ್ಬರೇ ಇಳಿಯಬೇಡಿ. ಕೆರೆಯ ಮೀನು ಯಾರ ಗುತ್ತಿಗೆಯಲ್ಲಿದೆಯೋ ಅವರ ಒಪ್ಪಿಗೆ ಮೊದಲೇ ಪಡೆದಿರಿ.

ಲೈಫ್ ಜಾಕೆಟ್ ಮೈಮೇಲಿರಲಿ. ಮೂರು ಬಕೆಟ್, ಒದ್ದೆ ಗೋಣಿಚೀಲ, ಐಸ್ ಡಬ್ಬ, ದಪ್ಪ ಕೈಗವಸು, ಚೂರಿ ಬೇಕು. ಹಗ್ಗ 6 ಮಿ.ಮೀ. ನೈಲಾನಿನದು, ನೀರಿನ ಆಳದ ಒಂದೂವರೆಯಷ್ಟು ಉದ್ದ. ತೇಲುವ ಪ್ಲಾಸ್ಟಿಕ್ ಹಗ್ಗವಾದರೆ ಹುಟ್ಟಿಗೆ ಸುತ್ತಿಕೊಳ್ಳುತ್ತದೆ.

ಕೂಳಿಯ ಗುರುತಿಗೆ ಹಗ್ಗದ ತುದಿಯಲ್ಲಿ ತೇಲುವ ಬೆಂಡಿನ ಹತ್ತಿರಕ್ಕೆ ಗಾಳಿಗೆ ಎದುರಾಗಿ ಹೋಗಿ. ಗಾಳಿಯ ಜೊತೆ ಹೋದರೆ ತೆಪ್ಪ ಬೆಂಡಿನ ಮೇಲೇ ಏರುತ್ತದೆ. ದುಂಡನೆಯ ತೆಪ್ಪಕ್ಕೆ ಹಿಂದುಮುಂದಿಲ್ಲ, ಎಳೆದ ಕಡೆ ತಿರುಗುತ್ತದೆ, ವಾಲುತ್ತದೆ. ಎಳೆಯುವವರು ಮಂಡಿಯೂರಿರಬೇಕು, ಹುಟ್ಟು ಹಾಕುವವರು ಎದುರಂಚಿಗೆ ಸರಿದು ತೂಕ ಕೊಡಬೇಕು. ಎದ್ದು ನಿಲ್ಲುವುದಂತೂ ಕೂಡದೇ ಕೂಡದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಎಳೆದಷ್ಟನ್ನೂ ಒಂದು ಬಕೆಟ್ಟಿಗೆ ಸುರುಳಿ ಹಾಕುತ್ತ ಬನ್ನಿ, ಕಾಲಿಗೆ ತೊಡರಬಾರದು.

ಸಡಿಲ ಹಗ್ಗ ಎಳೆದುಕೊಂಡು ಕೂಳಿಯ ನೇರ ಮೇಲಕ್ಕೆ ಬನ್ನಿ. ಬಿಗಿಹಿಡಿದು ಅರ್ಧ ನಿಮಿಷ ಕಾಯಿರಿ. ಗೋಡುಮಣ್ಣು ತಾನಾಗಿ ಬಿಡುತ್ತದೆ, ಜಗ್ಗಿದರೆ ಬಿದಿರ ಕಡ್ಡಿ ಮುರಿಯುತ್ತದೆ. ಕೂಳಿ ಅಲುಗಿದ ಮೇಲೆ ಒಂದೇ ಹದದಲ್ಲಿ, ಎಲ್ಲೂ ನಿಲ್ಲಿಸದೆ ಎಳೆಯಿರಿ. ನಿಲ್ಲಿಸಿದರೆ ಕೂಳಿ ವಾಲುತ್ತದೆ. ಸೀಗಡಿ ಗಾಬರಿಯಾದಾಗ ಹಿಂದಕ್ಕೆ ಚಿಮ್ಮುತ್ತದಲ್ಲ, ಬಂದ ಬಾಯಿಂದಲೇ ಆಚೆ ಹೋಗುತ್ತದೆ. ಅಂಚಿಗೆ ಬಂದಾಗ ಹತ್ತು ಎಣಿಸುವಷ್ಟು ಹೊತ್ತು ನೀರು ಸೋರಲು ಬಿಟ್ಟು ಒಳಗೆ ತೆಗೆದುಕೊಳ್ಳಿ.

ನಮ್ಮ ಕೆರೆಯಂಗಳಗಳಲ್ಲಿ ಕರಿಜಾಲಿ ಇದ್ದೇ ಇರುತ್ತದೆ. ಕೂಳಿ ಮುಳುಗಿದ ಕೊಂಬೆಗೆ ಸಿಕ್ಕಿದರೆ ತೆಪ್ಪವನ್ನು ಎದುರು ದಿಕ್ಕಿಗೆ ಒಯ್ದು ಅಲ್ಲಿಂದ ಮೆಲ್ಲಗೆ ಎಳೆದುನೋಡಿ. ಹಗ್ಗವನ್ನು ತೆಪ್ಪಕ್ಕೆ ಕಟ್ಟಿ ಎಳೆದರೆ ಮಗುಚುವುದು ಕೂಳಿಯಲ್ಲ, ತೆಪ್ಪ. ಮೂರು ದಿಕ್ಕಿನಿಂದಲೂ ಬರಲಿಲ್ಲವೆಂದರೆ ಬೆಂಡು ಬಿಟ್ಟು ವಾಪಸಾಗಿ. ನೀರು ತಗ್ಗಿದಾಗ ಸಿಗುತ್ತದೆ.

ಬಿಚ್ಚುವ ಮುಂಚೆ ಒಳಗೆ ನೋಡಿ. ಮೀನಿನಾಸೆಗೆ ನೀರುಹಾವು ನುಗ್ಗಿರುತ್ತದೆ. ವಿಷವಿಲ್ಲದಿದ್ದರೂ ಬಲವಾಗಿ ಕಚ್ಚುತ್ತದೆ, ತೆಪ್ಪದಲ್ಲಿ ಬೆಚ್ಚಿ ಎದ್ದರೆ ಅದಕ್ಕಿಂತ ಅಪಾಯ. ಹಾವಿದ್ದರೆ ಕೂಳಿಯನ್ನು ನೀರಿನ ಮೇಲೇ ಹಿಡಿದು ಅದರ ಹಿಂತುದಿಯಾದ ಬಾಲದ ಗಂಟು ಬಿಚ್ಚಿ, ಹೋಗಲು ಬಿಡಿ.

ಏಡಿಯನ್ನು ಹಿಂಬದಿಯಿಂದ, ಚಿಪ್ಪಿನ ಮೇಲೊಂದು ಕೆಳಗೊಂದು ಬೆರಳಿಟ್ಟು ಹಿಡಿಯಿರಿ. ಸೀಗಡಿಯ ಜೊತೆ ಒಂದೇ ಬಕೆಟ್ಟಿಗೆ ಹಾಕಿದರೆ ಏಡಿ ತನ್ನ ಕೊಂಬಿನಿಂದ (ಇಕ್ಕುಳದಂಥ ಮುಂಗಾಲು) ಅದನ್ನು ಹರಿದುಹಾಕುತ್ತದೆ. ಏಡಿಗೆ ಬಕೆಟ್ ತುಂಬ ನೀರು ಬೇಡ, ನಿಂತ ನೀರಲ್ಲಿ ಉಸಿರು ಕಟ್ಟಿ ಸಾಯುತ್ತದೆ. ಒದ್ದೆ ಗೋಣಿ ಮುಚ್ಚಿ ನೆರಳಲ್ಲಿಟ್ಟರೆ ಸಾಕು. ಸತ್ತ ಏಡಿಯನ್ನು ಅಡುಗೆಗೆ ಬಳಸಲೇಬೇಡಿ. ಸೀಗಡಿಯ ತೂಕದಷ್ಟೇ ಐಸ್ ಹಾಕಿ, ತಡವಾದರೆ ತಲೆ ಕಪ್ಪಾಗುತ್ತದೆ.

ಹೊಟ್ಟೆಯಡಿ ಮೊಟ್ಟೆ ಅಥವಾ ಮರಿ ಹೊತ್ತ ಏಡಿಯನ್ನು ಅಲ್ಲೇ ನೀರಿಗೆ ಬಿಡಿ. ನಮ್ಮ ಕೆರೆ ಏಡಿಯ ಮರಿ ಮೊಟ್ಟೆಯೊಡೆದು ಏಡಿಯಾಗಿಯೇ ಬಂದು ತಾಯಿಯ ಮಡಿಲಲ್ಲಿರುತ್ತದೆ. ತಾಯಿ ಹೋದರೆ ಅಷ್ಟೂ ಹೋದಂತೆ.

ತೂಬಿನ ಬಳಿ, ಕೋಡಿಯ ಬಳಿ ಕೂಳಿ ಬಿಡಬೇಡಿ, ಅತ್ತ ಕೊಚ್ಚಿಹೋದದ್ದನ್ನು ಬೆನ್ನಟ್ಟಲೂಬೇಡಿ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಜಲಾಶಯ ತುಂಬುತ್ತಲೇ ಸೈಫನ್‌ಗಳು (ಹೆಚ್ಚಾದ ನೀರನ್ನು ಆಚೆ ಎಳೆದುಬಿಡುವ ಕೊಳವೆಗಳು) ತಾವಾಗಿಯೇ ನೀರೆಳೆಯಲು ತೊಡಗುತ್ತವೆ. ಗೇಟು ಎತ್ತುವ ಸದ್ದಿಗಾಗಿ ಕಾಯುವಂತಿಲ್ಲ.

ಮತ್ತೆ ಬಿಡುವ ಮುನ್ನ ಬಾಲದ ಗಂಟನ್ನು ನೈಲಾನಿನ ಬದಲು ಸೆಣಬಿನ ದಾರದಲ್ಲಿ ಕಟ್ಟಿ. ಕೂಳಿ ಕಳೆದುಹೋದರೂ ದಾರ ಕೊಳೆತು ಬಾಲ ತೆರೆದುಕೊಳ್ಳುತ್ತದೆ, ಒಳಗೆ ಸಿಕ್ಕವು ಸುಮ್ಮನೆ ಸಾಯುವುದಿಲ್ಲ.